ತೋಟದ ತೋಡಿನಿಂದ ಮನೆಗೆ ಕರೆಂಟು: ಪಿಕೊ ಹೈಡ್ರೊ ಕೂರಿಸುವುದು ಹೇಗೆ?

ಗಾಳಿಮಳೆ ಹಿಡಿದರೆ ಕೊಡಗಿನ ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ತೋಟಗಳಲ್ಲಿ ಮರ ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿರುವುದು ಹೊಸದಲ್ಲ. ಸೋಲಾರ್ ಇದ್ದವರಿಗೂ ಕಕ್ಕಡದ (ಜುಲೈ-ಆಗಸ್ಟಿನ ಮಳೆ ತಿಂಗಳು) ಮೋಡದಡಿ ಬ್ಯಾಟರಿ ತುಂಬುವುದಿಲ್ಲ. ತೋಡು (ಸಣ್ಣ ಹಳ್ಳ) ಮಾತ್ರ ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಆ ನೀರಿನಿಂದ ಪುಟ್ಟ ಟರ್ಬೈನ್ (ನೀರಿನ ರಭಸಕ್ಕೆ ತಿರುಗುವ ಚಕ್ರ) ಓಡಿಸಿ ಮನೆಮಟ್ಟಿಗೆ ಕರೆಂಟು ತೆಗೆಯುವುದೇ ಪಿಕೊ ಹೈಡ್ರೊ. ಒಂದು ಕಿಲೋವ್ಯಾಟಿನ ಟರ್ಬೈನ್ ನಿಲ್ಲದೆ ತಿರುಗಿದರೆ ದಿನಕ್ಕೆ 24 ಯೂನಿಟ್. ಅಷ್ಟೇ ಗಾತ್ರದ ಸೋಲಾರ್ ಒಳ್ಳೆಯ ಬಿಸಿಲಿನಲ್ಲೂ ನಾಲ್ಕೈದು ಯೂನಿಟ್ ಕೊಟ್ಟರೆ ಹೆಚ್ಚು. ಹಾಗೆಂದು ಮೊದಲೇ ಟರ್ಬೈನ್ ಕೊಳ್ಳಲು ಹೊರಡಬೇಡಿ. ಅದು ಕೊನೆಯ ಕೆಲಸ. ಮೊದಲು ಅಳತೆ, ಆಮೇಲೆ ಪೈಪು.

ಎರಡು ಅಳತೆ

ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ ಎಂಬುದನ್ನು ಕಣ್ಣಂದಾಜಿಗೆ ಬಿಡಬೇಡಿ. ತೆಳು ಹೋಸ್ ಪೈಪನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಗಾಳಿ ಉಳಿಯದಂತೆ ನೀರು ತುಂಬಿಸಿ, ಕೆಳತುದಿಗೆ ಪ್ರೆಶರ್ ಗೇಜ್ ಸಿಕ್ಕಿಸಿ. ಗೇಜಿನಲ್ಲಿ ಒಂದು ಕೆಜಿ (ಚದರ ಸೆಂ.ಮೀ.ಗೆ) ಒತ್ತಡ ಎಂದರೆ 10 ಮೀಟರ್ ಎತ್ತರ.

ಎರಡನೆಯದು ನೀರಿನ ಪ್ರಮಾಣ. ಇದನ್ನು ಆಗಸ್ಟಿನಲ್ಲಿ ಅಳೆದರೆ ಪ್ರಯೋಜನವಿಲ್ಲ, ಆಗ ಎಲ್ಲ ತೋಡುಗಳೂ ಹೊಳೆಗಳೇ. ಪುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಕಳೆದ ಮೇಲೆ ಒಮ್ಮೆ, ಫೆಬ್ರುವರಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಸಣ್ಣ ತೋಡಾದರೆ ನೀರನ್ನೆಲ್ಲ ಒಂದು ಪೈಪಿಗೆ ತಿರುಗಿಸಿ 200 ಲೀಟರಿನ ಡ್ರಮ್ ಹಿಡಿದರಾಯಿತು: 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ದೊಡ್ಡದಾದರೆ ಹಲಗೆಯಲ್ಲಿ 90 ಡಿಗ್ರಿಯ ವಿ ಆಕಾರದ ಕಚ್ಚು ಕತ್ತರಿಸಿ ಅಡ್ಡ ನಿಲ್ಲಿಸಿ. ಹಲಗೆಯಿಂದ ಅರ್ಧ ಮೀಟರ್ ಹಿಂದೆ ನೀರಿನ ಮಟ್ಟ ಕಚ್ಚಿನ ತಳದ ಮೊನೆಗಿಂತ 10 ಸೆಂ.ಮೀ. ಮೇಲಿದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 15 ಸೆಂ.ಮೀ. ಇದ್ದರೆ 12 ಲೀಟರ್.

ಈಗ ಲೆಕ್ಕ: ಎತ್ತರ (ಮೀಟರ್) × ಹರಿವು (ಸೆಕೆಂಡಿಗೆ ಲೀಟರ್) × 5 = ವ್ಯಾಟ್. ಸಣ್ಣ ಘಟಕಗಳಲ್ಲಿ ನೀರಿನ ಶಕ್ತಿಯ ಅರ್ಧದಷ್ಟು ಮಾತ್ರ ಕರೆಂಟಾಗುತ್ತದೆ ಎಂದು ಹಿಡಿದ ಲೆಕ್ಕವಿದು. 20 ಮೀಟರ್, 10 ಲೀಟರ್ ಇದ್ದರೆ ಸಾವಿರ ವ್ಯಾಟ್.

ರೊಬಸ್ಟಾ ಕಾಫಿ ತೋಟದವರಿಗೆ ಇನ್ನೊಂದು ತೊಡಕು. ಫೆಬ್ರುವರಿ, ಮಾರ್ಚ್‌ನಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಓಡಿಸುವುದು ಇದೇ ನೀರಿನಿಂದ. ಆ ತಿಂಗಳುಗಳಲ್ಲಿ ಟರ್ಬೈನ್ ನಿಲ್ಲುತ್ತದೆ ಎಂದೇ ಲೆಕ್ಕ ಹಾಕಿ.

ಕಟ್ಟೆ ಮತ್ತು ತೊಟ್ಟಿ

ಅಣೆಕಟ್ಟು ಬೇಡ. ಮೊಣಕಾಲೆತ್ತರದ ಕಲ್ಲಿನ ಅಡ್ಡಗಟ್ಟೆ ಸಾಕು. ನೀರನ್ನೆಲ್ಲ ಎಳೆದುಕೊಳ್ಳದೆ ತೋಡಿನಲ್ಲೂ ಒಂದಿಷ್ಟು ಹರಿಯಲು ಬಿಡಿ. ತಿರುಗಿಸಿದ ನೀರು ಕೆಳಗೆ ಮತ್ತೆ ತೋಡಿಗೇ ಸೇರುತ್ತದೆ ನಿಜ, ಆದರೂ ಕೆಳಗಿನ ತೋಟದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೀಸಲು ಅರಣ್ಯ ಅಥವಾ ದೇವರಕಾಡಿನೊಳಗೆ ಕಟ್ಟೆ ಹಾಕುವ ಆಲೋಚನೆಯನ್ನೇ ಬಿಡಿ.

ಕಟ್ಟೆಯಿಂದ ನೀರು ಒಂದು ಸಣ್ಣ ತೊಟ್ಟಿಗೆ ಬಂದು ಮರಳು ಕೆಳಗೆ ಕೂರಬೇಕು. ಇಲ್ಲದಿದ್ದರೆ ಆ ಮರಳು ಟರ್ಬೈನಿನ ಬಟ್ಟಲುಗಳನ್ನು ಸವೆಸುತ್ತದೆ. ಪೈಪಿನ ಬಾಯಿ ನೀರಿನ ಮಟ್ಟದಿಂದ ಕನಿಷ್ಠ ಒಂದಡಿ ಕೆಳಗಿರಲಿ, ಮೇಲಿದ್ದರೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ. ಬಾಯಿಗೆ ಮುಂಚೆ ಓರೆಯಾಗಿ ಸ್ಟೀಲ್ ಜಾಲರಿ ಇರಬೇಕು. ಜೂನಿನ ಮೊದಲ ಜೋರು ಮಳೆಗೆ ತೋಟದ ತರಗೆಲೆಯೆಲ್ಲ ಒಟ್ಟಿಗೆ ಕೊಚ್ಚಿಕೊಂಡು ಬರುವುದರಿಂದ ಆ ವಾರ ಜಾಲರಿಯನ್ನು ದಿನಕ್ಕೆರಡು ಸಲ ಕೆರೆಯಬೇಕಾಗುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರು ತೋಡಿಗೆ ಸೇರುವ ಜಾಗದ ಕೆಳಗೆ ಕಟ್ಟೆ ಹಾಕಿದವರಿಗೆ ಜಾಲರಿ ಯಾವತ್ತೂ ಸ್ವಚ್ಛವಿರುವುದಿಲ್ಲ.

ಪೈಪಿನಲ್ಲೇ ಇದೆ ಮರ್ಮ

ದುಡ್ಡು ಉಳಿಸಲು ಸಣ್ಣ ಪೈಪು ಹಾಕುವುದು ಎಲ್ಲೆಲ್ಲೂ ಕಾಣುವ ತಪ್ಪು. ಸೆಕೆಂಡಿಗೆ 10 ಲೀಟರ್ ಹರಿದರೆ 110 ಮಿ.ಮೀ. ಪಿವಿಸಿ ಪೈಪು ಪ್ರತಿ 100 ಮೀಟರಿಗೆ ಸುಮಾರು 1.2 ಮೀಟರ್ ಎತ್ತರವನ್ನು ಘರ್ಷಣೆಯಲ್ಲೇ ನುಂಗುತ್ತದೆ. 90 ಮಿ.ಮೀ. ಆದರೆ 3 ಮೀಟರ್. 75ಕ್ಕೆ ಇಳಿದರೆ ಏಳು ಮೀಟರಿಗೂ ಮೇಲೆ! ಪೈಪಿನ ಉದ್ದ 150 ಮೀಟರ್ ಇದ್ದರೆ 110ರಲ್ಲಿ 20 ಮೀಟರಿನ ಪೈಕಿ 18 ಉಳಿಯುತ್ತದೆ, ಅಂದರೆ 900 ವ್ಯಾಟ್. 75ರಲ್ಲಿ ಅರ್ಧವೂ ಉಳಿಯುವುದಿಲ್ಲ.

ನಿಂತ ನೀರಿನ ಒತ್ತಡ ಎರಡು ಕೆಜಿಯಷ್ಟೇ, ಹಾಗಾಗಿ 4 ಕೆಜಿ ಒತ್ತಡ ತಾಳುವ ಪೈಪು ಸಾಕೆನಿಸುತ್ತದೆ. ಆದರೆ ಕೆಳಗಿನ ವಾಲ್ವನ್ನು ಯಾರಾದರೂ ತಟ್ಟನೆ ಮುಚ್ಚಿದರೆ ಹರಿಯುವ ನೀರು ಗುದ್ದಿ ಇನ್ನೂ ಮೂರೂವರೆ, ನಾಲ್ಕು ಕೆಜಿ ಒತ್ತಡ ಒಮ್ಮೆಲೇ ಏರುತ್ತದೆ. ಕೆಳಗಿನ ಅರ್ಧಕ್ಕಾದರೂ 6 ಕೆಜಿ ಪೈಪು ಹಾಕಿ. ಬಾಲ್ ವಾಲ್ವ್ ಬೇಡ, ನಿಧಾನವಾಗಿ ಮುಚ್ಚಿಕೊಳ್ಳುವ ಗೇಟ್ ವಾಲ್ವ್ ಇರಲಿ. ಪೈಪಿನ ಮೇಲ್ತುದಿಯ ವಾಲ್ವಿನ ಕೆಳಗೆ ಗಾಳಿ ಕೊಳವೆ ಬಿಡುವುದನ್ನು ಮರೆಯಬೇಡಿ. ಮೇಲೆ ಮುಚ್ಚಿ ಕೆಳಗೆ ತೆರೆದಿದ್ದರೆ ಒಳಗೆ ನಿರ್ವಾತವಾಗಿ ಪೈಪು ಚಪ್ಪಟೆಯಾಗುತ್ತದೆ. ಪೈಪು ಎಲ್ಲೂ ಗುಡ್ಡದಂತೆ ಉಬ್ಬಬಾರದು, ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಅರ್ಧವಾಗುತ್ತದೆ.

ಎರಡಡಿ ಆಳದಲ್ಲಿ ಹೂತರೆ ಬಿಸಿಲಿನಿಂದಲೂ ಆನೆ ಕಾಲಿನಿಂದಲೂ ಪೈಪು ಉಳಿಯುತ್ತದೆ. ಆದರೆ ಕಡಿದಾದ ಬರೆಯ (ಇಳಿಜಾರಿನ) ಮೇಲೆ ಅಗೆಯಬೇಡಿ. 2018ರ ಆಗಸ್ಟಿನ ಭೂಕುಸಿತ ನೋಡಿದ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟರ್ಬೈನ್, ಮೋಟರ್

20 ಮೀಟರ್ ಎತ್ತರಕ್ಕೆ ಟರ್ಗೊ ಮಾದರಿ (ಬಟ್ಟಲುಗಳಿಗೆ ನೀರು ಓರೆಯಾಗಿ ಚಿಮ್ಮಿ ತಿರುಗುವ ಟರ್ಬೈನ್) ಹೊಂದುತ್ತದೆ. ಮೇಲಿನ ಲೆಕ್ಕಕ್ಕೆ 18 ಮಿ.ಮೀ. ತೂತಿನ ಎರಡು ನಾಜಲ್ (ನೀರು ಚಿಮ್ಮುವ ಮೂತಿ) ಬೇಕು, ಒಂದೊಂದಕ್ಕೂ ಬೇರೆ ವಾಲ್ವ್. ಜನವರಿಯಲ್ಲಿ ನೀರು ಅರ್ಧಕ್ಕೆ ಇಳಿದಾಗ ಒಂದನ್ನು ಮುಚ್ಚಿ. ಎರಡನ್ನೂ ತೆರೆದಿಟ್ಟರೆ ತೊಟ್ಟಿ ಬರಿದಾಗಿ, ಪೈಪಿನ ಮೇಲ್ಭಾಗಕ್ಕೆ ಗಾಳಿ ಹೊಕ್ಕು ಒತ್ತಡವೇ ಬೀಳುತ್ತದೆ. ಟರ್ಬೈನ್ ಮನೆ ತೋಡಿನ ನೆರೆ ಮಟ್ಟಕ್ಕಿಂತ ಮೇಲಿರಲಿ.

ಜನರೇಟರ್ ಆಗಿ 2 ಎಚ್‌ಪಿಯ ಮೂರು ಫೇಸ್ ಇಂಡಕ್ಷನ್ ಮೋಟರ್ ಧಾರಾಳ ಸಾಕು. ಒಳತಂತಿಗಳ ಸ್ಟಾರ್ ಜೋಡಣೆಯನ್ನು ಡೆಲ್ಟಾಕ್ಕೆ ಬದಲಿಸಿ, ಒಂದು ವೈಂಡಿಂಗಿಗೆ (ತಂತಿಸುರುಳಿಗೆ) ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ಕೆಪಾಸಿಟರ್ ಕೊಟ್ಟರೆ ಸಿಂಗಲ್ ಫೇಸ್ 230 ವೋಲ್ಟ್ ಬರುತ್ತದೆ. ಕೆಪಾಸಿಟರ್ ರನ್ನಿಂಗ್ ಜಾತಿಯದೇ ಆಗಿರಬೇಕು, ಸ್ಟಾರ್ಟಿಂಗ್ ಕೆಪಾಸಿಟರ್ ಸ್ವಲ್ಪ ಹೊತ್ತಿನಲ್ಲೇ ಸಿಡಿಯುತ್ತದೆ. ಭಾರ ಹೆಚ್ಚಾದರೆ ಈ ಮೋಟರ್ ಸುಡುವುದಿಲ್ಲ, ವೋಲ್ಟೇಜ್ ಕುಸಿದು ಸುಮ್ಮನಾಗುತ್ತದೆ. ಆಮೇಲೆ ಏಳದಿದ್ದರೆ, ಯಂತ್ರ ನಿಲ್ಲಿಸಿ 12 ವೋಲ್ಟ್ ಬ್ಯಾಟರಿಯನ್ನು ಮೋಟರಿನ ವೈಂಡಿಂಗಿಗೆ ಒಂದು ಕ್ಷಣ ಮುಟ್ಟಿಸಿದರೆ ಕಾಂತತ್ವ ಮರಳುತ್ತದೆ.

ಉಳಿದ ಕರೆಂಟು ಎಲ್ಲಿಗೆ?

ಮನೆಯಲ್ಲಿ ದೀಪ ಆರಿಸಿದರೆ ತೋಡಿನ ನೀರು ಕಡಿಮೆಯಾಗುವುದಿಲ್ಲ. ಭಾರ ತಪ್ಪಿದ ಟರ್ಬೈನ್ ಎರಡು ಪಟ್ಟು ವೇಗಕ್ಕೆ ಓಡಬಲ್ಲದು, ವೋಲ್ಟೇಜ್ ಏರಿ ಟಿವಿ, ಫ್ರಿಜ್ ಎಲ್ಲ ಹೋಗುತ್ತವೆ. ಅದಕ್ಕೇ ಲೋಡ್ ಕಂಟ್ರೋಲರ್ ಕಡ್ಡಾಯ. ಮನೆ ಬಳಸದ ವಿದ್ಯುತ್ತನ್ನು ಅದು ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಕಾಯಿಲ್‌ನ ಸಾಮರ್ಥ್ಯ ಟರ್ಬೈನಿಗಿಂತ ಶೇ 20ರಷ್ಟು ಹೆಚ್ಚಿರಲಿ. ಬಚ್ಚಲ ಹಂಡೆಗೆ ಹಾಕಿ ಪುಕ್ಕಟೆ ಬಿಸಿನೀರು ಪಡೆಯುವ ಆಸೆ ಸಹಜವೇ. ಆದರೆ ಹಂಡೆ ಬರಿದಾದ ದಿನ ಕಾಯಿಲ್ ಸುಟ್ಟು ಇಡೀ ವ್ಯವಸ್ಥೆಗೆ ಕಡಿವಾಣ ತಪ್ಪುತ್ತದೆ. ಟರ್ಬೈನಿನಿಂದ ಹೊರಬೀಳುವ ನೀರು ಸದಾ ಹರಿಯುವ ಡ್ರಮ್ಮಿನಲ್ಲಿ ಕಾಯಿಲ್ ಮುಳುಗಿಸಿಡುವುದೇ ಕ್ಷೇಮ.

ಟರ್ಬೈನಿನಿಂದ ಮನೆಗೆ 300 ಮೀಟರ್ ದೂರವಿದ್ದರೆ 4 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿ. ಒಂದು ಕಿಲೋವ್ಯಾಟ್ ಸಾಗುವಾಗ ಸುಮಾರು 12 ವೋಲ್ಟ್ ಇಳಿಯುತ್ತದೆ, ನಡೆಯುತ್ತದೆ. ಇದೇ ದೂರಕ್ಕೆ 48 ವೋಲ್ಟ್ ಡಿಸಿ ಎಳೆಯಲು ಹೋಗಬೇಡಿ. ಏಪ್ರಿಲ್, ಮೇ ಗುಡುಗಿಗೆ ಎರಡೂ ತುದಿಯಲ್ಲಿ ಸರ್ಜ್ ಅರೆಸ್ಟರ್ (ಸಿಡಿಲಿನ ಹೊಡೆತ ತಡೆಯುವ ಸಾಧನ), ಸರಿಯಾದ ಅರ್ತಿಂಗ್ ಬೇಕು. ದೀಪ, ಫ್ಯಾನು, ಫ್ರಿಜ್, ಟಿವಿಗೆ 900 ವ್ಯಾಟ್ ಸಾಕು. ಗೀಸರಿಗೂ ಬಾವಿಯ ಪಂಪಿಗೂ ಸಾಲದು.

ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಲೈನು ಮನೆಗೆ ಇದ್ದರೆ ನಡುವೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಎರಡೂ ಒಟ್ಟಿಗೆ ಸೇರುವ ಹಾದಿಯೇ ಇರಬಾರದು. ಇಲ್ಲವಾದರೆ ನಿಮ್ಮ ತೋಡಿನ ಕರೆಂಟು ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಂದಕ್ಕೆ ಏರಿ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ.