ರಾತ್ರಿಯಲ್ಲೂ ನಂಬರ್ ಪ್ಲೇಟ್ ಓದಬೇಕು: ಕಾರಿಗೆ ಡ್ಯಾಶ್‌ಕ್ಯಾಮ್ ಆರಿಸುವುದು ಹೇಗೆ?

ಹೋದ ಮಳೆಗಾಲದ ಒಂದು ರಾತ್ರಿ ನಮ್ಮ ತುಮಕೂರಿನ ಕ್ಯಾತ್ಸಂದ್ರ ದಾಟಿ ಬಟವಾಡಿ ಕಡೆಗೆ ಬರುತ್ತಿದ್ದೆ. ಸರ್ವಿಸ್ ರಸ್ತೆಯಿಂದ ನುಗ್ಗಿದ ಗೂಡ್ಸ್ ಗಾಡಿಯೊಂದು ನನ್ನ ಕಾರಿನ ಎಡಬದಿಯನ್ನು ಕೆರೆದುಕೊಂಡು ನಿಲ್ಲದೆ ಹೋಯಿತು. ಮನೆಗೆ ಬಂದು ಡ್ಯಾಶ್‌ಕ್ಯಾಮ್ ವಿಡಿಯೊ ತೆರೆದರೆ ಗಾಡಿಯ ಬಣ್ಣ, ಟಾರ್ಪಾಲು, ಹಿಂದೆ ಬರೆಸಿದ ದೇವರ ಹೆಸರು ಎಲ್ಲವೂ ಇತ್ತು. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಮಾತ್ರ ಕಣ್ಣು ಕುಕ್ಕುವ ಹಳದಿ ಹೊಳಪು, ಒಂದಕ್ಷರವೂ ಇಲ್ಲ. ಡಬ್ಬದ ಮೇಲೆ ದೊಡ್ಡದಾಗಿ '4ಕೆ' ಎಂದು ಅಚ್ಚಾಗಿದ್ದ ಕ್ಯಾಮೆರಾ ಅದು. ಹೊಸದು ಕೊಳ್ಳುವ ಮೊದಲು ಕೂತು ತಿಳಿದುಕೊಂಡದ್ದನ್ನು, ಆರಿಸುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

ಮೊದಲು ಚುಕ್ಕೆಗಳ ಲೆಕ್ಕ

1080ಪಿ ಎಂದರೆ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು (ಪಿಕ್ಸೆಲ್). ಒಟ್ಟು ಸುಮಾರು 20 ಲಕ್ಷ. 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಇದನ್ನು ನಂಬರ್ ಪ್ಲೇಟಿಗೆ ಹೊಂದಿಸಿ ನೋಡಿ. ಮುಂದಿನ ಕಾರು 10 ಮೀಟರ್ ದೂರದಲ್ಲಿದೆ, ಅದರ ಪ್ಲೇಟ್ ಅರ್ಧ ಮೀಟರ್ ಅಗಲ, ನಿಮ್ಮ ಲೆನ್ಸ್ ಅಡ್ಡಕ್ಕೆ 140 ಡಿಗ್ರಿ ನೋಡುತ್ತದೆ ಎಂದಿಟ್ಟುಕೊಳ್ಳಿ. ಆ ಪ್ಲೇಟಿನ ಅಗಲಕ್ಕೆ 1080ಪಿಯಲ್ಲಿ ಸಿಗುವುದು ಸುಮಾರು 40 ಚುಕ್ಕೆ, 4ಕೆಯಲ್ಲಿ ಸುಮಾರು 80. ನಮ್ಮ ಕೆಎ 06 ಸೇರಿ ಹತ್ತು ಅಕ್ಷರಗಳನ್ನು ಅದರೊಳಗೆ ಕೂರಿಸಬೇಕು. ಅಕ್ಷರಕ್ಕೆ ನಾಲ್ಕು ಚುಕ್ಕೆಯಾದರೆ 8 ಯಾವುದು, ಬಿ ಯಾವುದು ಗೊತ್ತಾಗದು. ಎಂಟಾದರೆ ಹಗಲಲ್ಲಿ ಓದಬಹುದು.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಲೆನ್ಸ್ 170 ಡಿಗ್ರಿ ಎಂದು ಹೆಮ್ಮೆಯಿಂದ ಮಾರುವವರಿದ್ದಾರೆ. ನೋಟ ಅಗಲವಾದಷ್ಟೂ ಮುಂದಿನ ಗಾಡಿ ಚಿಕ್ಕದಾಗುತ್ತದೆ. 120ರಿಂದ 140 ಡಿಗ್ರಿ ಸಾಕು.

ಸೆನ್ಸರ್ ಹೆಸರು ಕೇಳಿ

ನಾನು ಮೋಸ ಹೋದದ್ದು ಇಲ್ಲೇ. ಅಗ್ಗದ ಹಲವು ಕ್ಯಾಮೆರಾಗಳ ಒಳಗೆ ಬೆಳಕು ಹಿಡಿದು ಚಿತ್ರ ಮಾಡುವ ಚಿಪ್ ಆದ ಸೆನ್ಸರ್‌ಗೆ 4ಕೆಯಷ್ಟು ಚುಕ್ಕೆಗಳೇ ಇರುವುದಿಲ್ಲ. ಚಿಕ್ಕ ಚಿತ್ರವನ್ನು ಸಾಫ್ಟ್‌ವೇರ್ ಎಳೆದು ದೊಡ್ಡದು ಮಾಡುತ್ತದೆ. ಸೋನಿಯ ಐಎಂಎಕ್ಸ್ 335 ಸೆನ್ಸರ್ 5 ಮೆಗಾಪಿಕ್ಸೆಲ್‌ನದು. ಅಂದರೆ ಸುಮಾರು 50 ಲಕ್ಷ ಚುಕ್ಕೆ. ಅದನ್ನಿಟ್ಟುಕೊಂಡು 4ಕೆ ಎಂದರೆ ಅದು ಹಿಗ್ಗಿಸಿದ 4ಕೆ. ನಿಜವಾದ 4ಕೆಗೆ ಐಎಂಎಕ್ಸ್ 415 ಅಥವಾ ಐಎಂಎಕ್ಸ್ 678 ಥರದ 8 ಮೆಗಾಪಿಕ್ಸೆಲ್ ಸೆನ್ಸರ್ ಬೇಕು.

ಈ ಎರಡರಲ್ಲೂ ವ್ಯತ್ಯಾಸವಿದೆ. 415ರ ಒಂದೊಂದು ಚುಕ್ಕೆ 1.45 ಮೈಕ್ರಾನ್, 678ರದ್ದು 2 ಮೈಕ್ರಾನ್. ಚುಕ್ಕೆ ದೊಡ್ಡದಾದಷ್ಟೂ ಬೆಳಕು ಹೆಚ್ಚು ಹಿಡಿಯುತ್ತದೆ. ಶಿರಾ ಕಡೆಯ ಹೆದ್ದಾರಿಯಲ್ಲಿ ಬೀದಿದೀಪವಿಲ್ಲದ ಕಡೆ ಈ ಸಣ್ಣ ಅಂತರವೇ ದೊಡ್ಡದಾಗುತ್ತದೆ. 678 ಸೋನಿಯ 'ಸ್ಟಾರ್ವಿಸ್ 2' ಪೀಳಿಗೆಯದು. ಬಜೆಟ್ ಅಲ್ಲಿಗೆ ಮುಟ್ಟದಿದ್ದರೆ ಅಗ್ಗದ 4ಕೆಗಿಂತ ಒಳ್ಳೆಯ ಸೆನ್ಸರ್ ಇರುವ 1440ಪಿ ಕ್ಯಾಮೆರಾ ಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಜತೆಗೆ, ಒಂದೇ ಚಿತ್ರದಲ್ಲಿ ತೀರಾ ಹೊಳೆಯುವುದನ್ನೂ ಕತ್ತಲೆಯದನ್ನೂ ಸಮತೂಗಿಸುವ ಎಚ್‌ಡಿಆರ್ ಇರಲೇಬೇಕು. ಈಗಿನ ಎಚ್‌ಎಸ್‌ಆರ್‌ಪಿ ಪ್ಲೇಟುಗಳು ಬೆಳಕನ್ನು ಬಂದ ದಾರಿಗೇ ತಿರುಗಿಸುತ್ತವೆ. ನಿಮ್ಮ ಹೆಡ್‌ಲೈಟ್ ಬಿದ್ದೊಡನೆ ಸುತ್ತಲಿನ ಕತ್ತಲೆಯ ನಡುವೆ ಪ್ಲೇಟ್ ಒಂದೇ ಧಗಧಗ ಹೊಳೆಯುತ್ತದೆ. ನನ್ನ ವಿಡಿಯೊದಲ್ಲಿ ಕಂಡ ಹಳದಿ ಹೊಳಪು ಅದೇ. ಎಚ್‌ಡಿಆರ್ ಈ ಹೊಳಪನ್ನು ತಗ್ಗಿಸುತ್ತದೆ. ಆದರೂ ಎದುರಿನಿಂದ ಬರುವ ಗಾಡಿಯ ನಂಬರನ್ನು ರಾತ್ರಿ ನಿರೀಕ್ಷಿಸಬೇಡಿ. ಇಬ್ಬರೂ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ, ಅಂದರೆ ವಿಡಿಯೊದ ಒಂದು ಚಿತ್ರದ ಅವಧಿಯಲ್ಲಿ, ನಡುವಿನ ದೂರ ಒಂದು ಮೀಟರಿಗೂ ಮೀರಿ ತಗ್ಗಿರುತ್ತದೆ, ಅಕ್ಷರಗಳು ಕಲಸಿಹೋಗುತ್ತವೆ.

ಬಿಸಿಲು ತಡೆಯುತ್ತದೆಯೇ?

2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟುವಷ್ಟು ಬಿಸಿಲಿರುವ ಪಾವಗಡ ನಮ್ಮ ಜಿಲ್ಲೆಯಲ್ಲೇ ಇದೆ. ಏಪ್ರಿಲ್‌ನಲ್ಲಿ ಬಿಸಿಲಲ್ಲಿ ನಿಂತ ಕಾರಿನ ಮುಂದಿನ ಗಾಜಿಗೆ ಅಂಟಿದ ಕ್ಯಾಮೆರಾದಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಅದು ಊದಿಕೊಳ್ಳಬಹುದು. ಬ್ಯಾಟರಿ ಬದಲು, ಬಿಸಿಯನ್ನು ಹೆಚ್ಚು ತಾಳುವ ಸೂಪರ್ ಕೆಪಾಸಿಟರ್ ಎಂಬ ವಿದ್ಯುತ್ ಹಿಡಿದಿಡುವ ಭಾಗ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಇದರಲ್ಲಿ ರಾಜಿ ಬೇಡ.

ಕಾರ್ಡು, ಜೋಡಣೆ

4ಕೆ ವಿಡಿಯೊ ಸೆಕೆಂಡಿಗೆ 30 ಮೆಗಾಬಿಟ್‌ನಂತೆ ತುಂಬಿದರೆ ಗಂಟೆಗೆ 13.5 ಜಿಬಿ ಬೇಕು. 128 ಜಿಬಿ ಕಾರ್ಡು ಸುಮಾರು ಒಂಬತ್ತು ಗಂಟೆಗೆ ತುಂಬಿ, ಹಳೆಯದರ ಮೇಲೆ ಹೊಸದು ಬರೆಯಲು ಶುರುವಾಗುತ್ತದೆ. ದಿನಾ ಬೆಂಗಳೂರಿಗೆ ಓಡಾಡುವವರಿಗೆ ಅದು ಎರಡು ಮೂರು ದಿನದ ಮಾತು. ಅವರು 256 ಜಿಬಿ ಹಾಕಿಸುವುದು ಒಳ್ಳೆಯದು. ಮೊಬೈಲಿನ ಹಳೆ ಕಾರ್ಡು ಬೇಡ. 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವ, ಬರೆಯುವ ವೇಗ ತಿಳಿಸುವ ಯು3 ಅಥವಾ ವಿ30 ಗುರುತಿನ ಕಾರ್ಡು ಕೊಳ್ಳಿ. ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಕ್ಯಾಮೆರಾವನ್ನು ಒಳಗಿನ ಕನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದೊಳಗೆ ಕೂರಿಸಿ. ವೈರನ್ನು ಗಾಜಿನ ಪಕ್ಕದ ಕಂಬದೊಳಗೆ ಎಳೆಯುವಾಗ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಹಿಂದೆ ಹೋಗಬೇಕು, ಮುಂದೆ ಅಲ್ಲ. ನಿಲ್ಲಿಸಿದಾಗಲೂ ರೆಕಾರ್ಡ್ ಆಗಬೇಕೆಂದರೆ ಕಾರಿನ ವೈರಿಂಗಿನಿಂದಲೇ ಕರೆಂಟು ಕೊಡುವ ಹಾರ್ಡ್‌ವೈರ್ ಕಿಟ್ ಹಾಕಿಸಿ. ಕಾರಿನ ಬ್ಯಾಟರಿ ಇಳಿದರೆ ತಾನೇ ನಿಲ್ಲುವ ವ್ಯವಸ್ಥೆ ಅದರಲ್ಲಿರಲಿ. ವೈರು ಕತ್ತರಿಸಿ ಜೋಡಿಸಲು ಬಿಡಬೇಡಿ, ಫ್ಯೂಸ್ ಬಾಕ್ಸ್‌ನಿಂದ ಫ್ಯೂಸ್ ಟ್ಯಾಪ್ ಎಂಬ ಜೋಡಕ ಹಾಕಿ ಕರೆಂಟು ತೆಗೆಯಲು ಹೇಳಿ.

ದುಡ್ಡು ಕೊಡುವ ಮುನ್ನ

ಅಂಗಡಿಯ ಡೆಮೊ ವಿಡಿಯೊ ನಂಬಬೇಡಿ. ಸಂಜೆ ಏಳರ ಮೇಲೆ ಅಂಗಡಿಗೆ ಹೋಗಿ, ಕ್ಯಾಮೆರಾಕ್ಕೆ ಕರೆಂಟು ಕೊಟ್ಟು ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಚಿತ್ರ ನಿಲ್ಲಿಸಿ, ಮುಂದಿದ್ದ ಗಾಡಿಯ ನಂಬರ್ ಓದಲು ನೋಡಿ. ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುವುದಿಲ್ಲ.

ಘಟನೆ ನಡೆದರೆ

ದಿನಾಂಕ, ಸಮಯ ಸರಿಯಾಗಿರಲಿ. ಏನಾದರೂ ಆದ ಕೂಡಲೇ ಕಾರ್ಡು ತೆಗೆದು ಹಾಗೇ ಎತ್ತಿಡಿ, ಇಲ್ಲವಾದರೆ ಕ್ಯಾಮೆರಾ ಅದನ್ನು ಅಳಿಸಿ ಬರೆಯಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂಥ ವಿಡಿಯೊ ಸಾಕ್ಷ್ಯಕ್ಕೆ ಪ್ರಮಾಣಪತ್ರ ಲಗತ್ತಿಸಬೇಕು. ಮೂಲ ಕಡತ ಇದ್ದರೆ ಆ ಕೆಲಸ ಸುಲಭ. ಪೊಲೀಸರಿಗೋ ವಿಮೆಯವರಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಾಗಿ ಬಂದರೆ ವಿಡಿಯೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಹೋದರೆ ಅದು ಕುಗ್ಗಿ, ಅಷ್ಟು ಕಷ್ಟಪಟ್ಟು ಸಿಕ್ಕ ನಂಬರ್ ಮತ್ತೆ ಮಸುಕಾಗುತ್ತದೆ.