ಹಸಿ ಕಸದಿಂದ ಶುದ್ಧ ಮೀಥೇನ್ ಪಡೆಯುವ ಬಗೆ

ಹಸಿ ಕಸವನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ ಮೀಥೇನ್ ಎಂಬ ಉರಿಯುವ ಅನಿಲವನ್ನು ಪಡೆಯುವ ಘಟಕದ ಬಹುಪಾಲು ತೊಂದರೆಗಳು ಕಸ ವಿಂಗಡಿಸುವ ಜಾಗದಲ್ಲೇ ಹುಟ್ಟುತ್ತವೆ. ಪ್ಲಾಸ್ಟಿಕ್, ಗಾಜು, ಮರಳು ಒಳಗೆ ಹೋದರೆ ಪಂಪು ಕಟ್ಟಿಕೊಂಡು ತೊಟ್ಟಿಯ ತಳದಲ್ಲಿ ಹೂಳು ತುಂಬುತ್ತದೆ. ಕಟ್ಟಿಗೆಯಂತೂ ಗಾಳಿಯಾಡದ ಕಡೆ ಸುಲಭವಾಗಿ ಕೊಳೆಯುವುದಿಲ್ಲ. ಆದ್ದರಿಂದ ಉಳಿದ ಆಹಾರ, ಸಗಣಿ, ಹಸಿ ಸೊಪ್ಪುಸದೆಗಳನ್ನಷ್ಟೇ ಆರಿಸಿ, ಸಣ್ಣಗೆ ಅರೆದು, ನೀರು ಬೆರೆಸಿ ಬಗ್ಗಡ ಮಾಡಿಕೊಳ್ಳಬೇಕು.

ಹೊಸ ತೊಟ್ಟಿಗೆ ಹೆಪ್ಪು ಬೇಕು. ನಡೆಯುತ್ತಿರುವ ಘಟಕದ ಬಗ್ಗಡವನ್ನೋ ತಾಜಾ ಸಗಣಿಯನ್ನೋ ಮೊದಲು ತುಂಬಿಸಿ, ಉಷ್ಣಾಂಶವನ್ನು 35ರಿಂದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿಡಿ.

ಮುಂದಿನದು ತಾಳ್ಮೆಯ ಕೆಲಸ. ತೊಟ್ಟಿಯೊಳಗೆ ಆಮ್ಲ ತಯಾರಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ, ಆ ಆಮ್ಲವನ್ನು ಮೀಥೇನ್ ಆಗಿ ಮಾರ್ಪಡಿಸುವ ಜೀವಿಗಳು ನಿಧಾನವಾಗಿ ಬೆಳೆಯುತ್ತವೆ. ಹೀಗಾಗಿ ವಾರದ ಕಸವನ್ನು ಒಂದೇ ದಿನ ಸುರಿದರೆ ಆಮ್ಲ ಕೂಡಿಕೊಂಡು ಮೀಥೇನ್ ಜೀವಿಗಳು ಸೊರಗುತ್ತವೆ. ಬಗ್ಗಡ ಹುಳಿ ವಾಸನೆ ಬೀರಿ ನೊರೆಗಟ್ಟುತ್ತದೆ. ಬರ್ನರ್‌ನ ನೀಲಿ ಜ್ವಾಲೆ ಅಲುಗಾಡಿ, ಬಾಯಿಂದ ಮೇಲೆದ್ದು ಆರಿಹೋಗುತ್ತದೆ. ಆಗ ಕಸ ಹಾಕುವುದನ್ನು ನಿಲ್ಲಿಸಿ, ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಮತ್ತೆ 7ರ ಆಸುಪಾಸಿಗೆ ಬರುವವರೆಗೆ ಕಾಯಬೇಕು. ದಿನವೂ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಉಣಿಸುವುದೇ ನಾನು ಕಂಡಂತೆ ಅತ್ಯುತ್ತಮ ಮುನ್ನೆಚ್ಚರಿಕೆ.

ತೊಟ್ಟಿಯಿಂದ ಬರುವ ಅನಿಲದಲ್ಲಿ ಸಾಮಾನ್ಯವಾಗಿ ಶೇ 50ರಿಂದ 65ರಷ್ಟು ಮೀಥೇನ್ ಇರುತ್ತದೆ. ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್, ಜೊತೆಗೆ ತೇವಾಂಶ ಮತ್ತು ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್. ಒಲೆಗೆ ಇದು ಸಾಕಾದರೂ ವಾಹನಕ್ಕೆ ಅಥವಾ ಕೊಳವೆ ಜಾಲಕ್ಕೆ ಸಾಲದು. ಮೊದಲು ಅನಿಲವನ್ನು ಕಬ್ಬಿಣದ ಆಕ್ಸೈಡ್ ತುಂಬಿದ ಕಂಬದ ಮೂಲಕ ಹಾಯಿಸಿದರೆ ಎಂಜಿನ್ನನ್ನು ತಿನ್ನುವ ಸಲ್ಫೈಡ್ ಅಲ್ಲೇ ಉಳಿಯುತ್ತದೆ. ಕೆಂಗಂದು ಪುಡಿ ಕಪ್ಪಾದಾಗ ಬದಲಿಸಬೇಕು. ಹೊರತೆಗೆದ ಪುಡಿ ಗಾಳಿ ತಗುಲಿದೊಡನೆ ಕಾದು ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ನೀರಿನಲ್ಲಿ ನೆನೆಸಿ ತೆಳುವಾಗಿ ಹರಡಿ. ಬಳಿಕ ಒತ್ತಡದ ನೀರಿನಲ್ಲಿ ಅನಿಲವನ್ನು ತೊಳೆದರೆ, ಮೀಥೇನ್‌ಗಿಂತ ಸುಲಭವಾಗಿ ನೀರಿನಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಬೇರ್ಪಡುತ್ತದೆ. ಒಣಗಿಸಿದ ನಂತರ ಮೀಥೇನ್ ಪ್ರಮಾಣ ಶೇ 95 ದಾಟುವಂತಿದ್ದರೆ, ವಾಹನ ಬಳಕೆಗಾಗಿ ಸುಮಾರು 200 ಬಾರ್ ಒತ್ತಡದಲ್ಲಿ ಸಿಲಿಂಡರ್‌ಗೆ ತುಂಬಬಹುದು.

ಗಾಳಿಯಲ್ಲಿ ಶೇ 5ರಿಂದ 15ರಷ್ಟು ಮೀಥೇನ್ ಸೇರಿದರೆ ಒಂದು ಕಿಡಿಗೇ ಸ್ಫೋಟವಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ಎಷ್ಟೇ ಅನುಭವವಿದ್ದರೂ ಅನಿಲ ಮಾಪಕವಿಲ್ಲದೆ, ಹೊರಗೆ ಕಾವಲಿಗೆ ಜನರಿಲ್ಲದೆ ದಯವಿಟ್ಟು ತೊಟ್ಟಿಗೆ ಇಳಿಯಬೇಡಿ.

ಹೊರಬರುವ ಬಗ್ಗಡದಲ್ಲಿ ಸಾರಜನಕ, ರಂಜಕಗಳು ಉಳಿದಿರುತ್ತವೆ. ಅದು ಇನ್ನೂ ಒಂದಿಷ್ಟು ಮೀಥೇನ್ ಬಿಡುವುದರಿಂದ, ಹೊಲಕ್ಕೆ ಒಯ್ಯುವವರೆಗೆ ಮುಚ್ಚಿದ ತೊಟ್ಟಿಯಲ್ಲೇ ಇಟ್ಟು ಆ ಅನಿಲವನ್ನೂ ಹಿಡಿದುಕೊಳ್ಳಿ.