ಫಜ್ ಪೆಡಲಿನಲ್ಲಿ ಬೇಸ್ ಗಿಟಾರಿನ ಮಂದ್ರವನ್ನು ಉಳಿಸಿಕೊಳ್ಳುವ ಬಗೆ

ಕುಂಬಳೆಯಿಂದ ಒಳಗೆ ಒಂದು ಊರಿನ ಉತ್ಸವದ ಗಾನಮೇಳ. ಮೂರನೆಯ ಹಾಡಿನ ಚರಣಕ್ಕೆ ಬಂದಾಗ, ದನಿಯನ್ನು ಒಡೆದು ಗರಗರ ಮಾಡುವ ಫಜ್ ಪೆಡಲನ್ನು ತುಳಿದೆ. ಬೇಸ್ ಗಿಟಾರ್ ಮಾಯವಾಯಿತು. ಸ್ಪೀಕರಿನಲ್ಲಿ ಉಳಿದದ್ದು ಜೀರುಂಡೆಯ ಕೊರೆತ ಮಾತ್ರ. ಮದ್ದಳೆಯ ಎಡಬದಿಗೆ ಯಾರೋ ಬಟ್ಟೆ ಹೊದೆಸಿ ಬಲಬದಿಯನ್ನಷ್ಟೇ ನುಡಿಸಿದ ಹಾಗಿತ್ತು. ಸೌಂಡಿನ ಹುಡುಗ ವೇದಿಕೆಯ ಬದಿಗೆ ಬಂದು, “ಅಣ್ಣ, ಬೇಸ್ ಬರುವುದೇ ಇಲ್ಲ. ಕೇಬಲ್ ಹೋಯಿತೋ ಏನೋ” ಎಂದ. ಕೇಬಲ್ ಸರಿಯಾಗಿತ್ತು. ಪೆಡಲ್ ಕೂಡ ಕೆಟ್ಟಿರಲಿಲ್ಲ. ಮರುದಿನ ನೀರ್ಚಾಲಿನ ನನ್ನ ರಿಪೇರಿ ಅಂಗಡಿಯಲ್ಲಿ ಸಣ್ಣ ಆಂಪ್ಲಿಫಯರಿಗೆ ಸಿಕ್ಕಿಸಿದರೆ ಅದೇ ಪೆಡಲ್ ಸಾಕಷ್ಟು ದಪ್ಪಗೆ ನುಡಿಯಿತು.

ವ್ಯತ್ಯಾಸ ಇದ್ದದ್ದು ಪೆಡಲಿನ ಮುಂದೆ ಏನು ಕೂತಿದೆ ಎಂಬುದರಲ್ಲಿ. ಇದನ್ನು ಅರ್ಥ ಮಾಡಿಕೊಂಡರೆ ಮಾರ್ಪಾಡಿನ ಅರ್ಧ ಕೆಲಸ ಆದಂತೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನನ್ನ ಪೆಡಲಿನ ಒಳಗಿರುವುದು ಎರಡು ಟ್ರಾನ್ಸಿಸ್ಟರಿನ ಹಳೆಯ ಸರ್ಕ್ಯೂಟ್. 1966ರಲ್ಲಿ ಇಂಗ್ಲೆಂಡಿನ ಆರ್ಬಿಟರ್ ಕಂಪನಿ ಹೊರತಂದ ಫಜ್ ಫೇಸ್‌ನ ಜಾಡಿನದು. ಅದು ಆರು ತಂತಿಯ ಗಿಟಾರಿಗೆಂದು ಹುಟ್ಟಿದ್ದು. ಆ ಗಿಟಾರಿನ ಅತ್ಯಂತ ಕೆಳಗಿನ ತಂತಿ 82 ಹರ್ಟ್ಸ್. ನಮ್ಮ ಬೇಸ್‌ನ ಇ ತಂತಿ 41 ಹರ್ಟ್ಸ್, ಐದು ತಂತಿಯದಾದರೆ ಬಿ ತಂತಿ 31. ಪೆಡಲಿನ ಕೊನೆಯಲ್ಲಿ, ವಾಲ್ಯೂಮ್ ಗುಂಡಿಗೆ ಮೊದಲು, 10 ನ್ಯಾನೊಫ್ಯಾರಡ್‌ನ ಒಂದು ಕೆಪಾಸಿಟರ್ ಇರುತ್ತದೆ. ಆ ಕೆಪಾಸಿಟರ್ ಮತ್ತು ಅದರ ಮುಂದಿರುವ ರೋಧ ಎರಡೂ ಸೇರಿ ಎಷ್ಟು ಕೆಳಗಿನ ಸ್ವರವನ್ನು ದಾಟಿಸಬೇಕು ಎಂದು ತೀರ್ಮಾನಿಸುತ್ತವೆ. ಲೆಕ್ಕ ಸುಲಭ: 6.28, ಓಮ್, ಫ್ಯಾರಡ್ ಈ ಮೂರನ್ನು ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಿ. ಸಿಗುವುದು ಗಡಿ; ಅದಕ್ಕಿಂತ ಕೆಳಗಿನ ಸ್ವರಗಳು ಸೊರಗುತ್ತವೆ. ವಾಲ್ಯೂಮ್ ಗುಂಡಿ 500 ಕಿಲೋಓಮ್, ಆಂಪ್ಲಿಫಯರಿನ ಒಳದಾರಿ ಒಂದು ಮೆಗಾಓಮ್ ಆದರೆ ಗಡಿ 48 ಹರ್ಟ್ಸ್‌ಗೆ ಬೀಳುತ್ತದೆ. ಇ ತಂತಿ ಸ್ವಲ್ಪ ಸೊರಗುತ್ತದೆ, ಅಷ್ಟೆ. ಆದರೆ ಆ ರಾತ್ರಿ ನಾನು ಸಿಕ್ಕಿಸಿದ್ದು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್‌ಗೆ. ಅದರ ರೋಧ ಹತ್ತು ಕಿಲೋಓಮ್ ಎಂದಿಟ್ಟುಕೊಂಡರೆ, ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಗಡಿ 1600 ಹರ್ಟ್ಸ್‌ಗೆ ಜಿಗಿಯುತ್ತದೆ. ಇ ತಂತಿಯ ಮೂಲಸ್ವರದ ಸುಮಾರು ನಲವತ್ತರಲ್ಲಿ ಒಂದು ಪಾಲು ಮಾತ್ರ ಆಚೆ ಹೋಗುತ್ತದೆ. ಜೀರುಂಡೆ ಹುಟ್ಟಿದ್ದು ಅಲ್ಲಿ.

ಹಲವರು ಮೊದಲು ಕೈ ಹಾಕುವುದು ಒಳಬರುವ ಕೆಪಾಸಿಟರಿಗೆ. ಈ ಸರ್ಕ್ಯೂಟ್‌ನಲ್ಲಿ ಅದು ಆಗಲೇ 2.2 ಮೈಕ್ರೊಫ್ಯಾರಡ್ ಇರುತ್ತದೆ. ಬೇಸ್‌ಗೆ ಧಾರಾಳ ಸಾಕು. ಅದನ್ನು ದೊಡ್ಡದು ಮಾಡಿ ಏನೂ ಸಿಗುವುದಿಲ್ಲ. ಬದಲಿಸಬೇಕಾದ್ದು ಹೊರಹೋಗುವ ಕೆಪಾಸಿಟರನ್ನು.

ಕೆಲಸಕ್ಕೆ ಬೇಕಾದ್ದು 25 ವಾಟ್‌ನ ಸೋಲ್ಡರಿಂಗ್ ಐರನ್, 60/40 ಸೋಲ್ಡರ್ ತಂತಿ, ಕರಗಿದ ಸೋಲ್ಡರನ್ನು ಹೀರುವ ಪಂಪು, ಸ್ವಲ್ಪ ಫ್ಲಕ್ಸ್, ಮಲ್ಟಿಮೀಟರ್. ಮೊದಲು ಬ್ಯಾಟರಿ ಕಿತ್ತಿಡಿ, ಅಡಾಪ್ಟರ್ ತೆಗೆಯಿರಿ. ಹಿಂದಿನ ಮುಚ್ಚಳ ಬಿಚ್ಚಿದ ಕೂಡಲೇ ಎರಡೂ ಬದಿಯಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಯಾವ ಬಣ್ಣದ ತಂತಿ ಎಲ್ಲಿಗೆ ಎಂಬುದು ಸ್ಪಷ್ಟವಾಗಿ ಕಾಣಬೇಕು. ನಮ್ಮ ಕರಾವಳಿಯಲ್ಲಿ ಇನ್ನೊಂದು ಕೆಲಸವೂ ಇದೆ. ಒಂದೆರಡು ಮಳೆಗಾಲ ಕಂಡ ಪೆಡಲಿನ ತಾಮ್ರದ ಮೇಲೆ ತೆಳುವಾಗಿ ಹಸಿರು ಕಿಲುಬು ಕೂತಿರುತ್ತದೆ. ಅದರ ಮೇಲೆಯೇ ಐರನ್ ಇಟ್ಟರೆ ಸೋಲ್ಡರ್ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ಉರುಳುತ್ತದೆ, ಹಿಡಿಯುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಉಜ್ಜಿ, ಒಣಗಲು ಬಿಡಿ, ಆಮೇಲೆ ಫ್ಲಕ್ಸ್ ಹಚ್ಚಿ.

ಹೊರಹೋಗುವ ಕೆಪಾಸಿಟರನ್ನು ಹುಡುಕಲು ವಾಲ್ಯೂಮ್ ಗುಂಡಿಯಿಂದ ಹಿಂದಕ್ಕೆ ಬನ್ನಿ. ಮೂರು ಕಾಲುಗಳಲ್ಲಿ ಒಂದು ಕೊನೆಯದು ನೆಲಕ್ಕೆ (ಗ್ರೌಂಡಿಗೆ), ನಡುವಿನದು ಫುಟ್‌ಸ್ವಿಚ್‌ಗೆ. ಉಳಿದ ಕಾಲು ಹೋಗಿ ಮುಟ್ಟುವುದು ಈ ಕೆಪಾಸಿಟರನ್ನು. ಮೇಲೆ 103 ಎಂದು ಬರೆದಿರುತ್ತದೆ, ಅಂದರೆ 10 ನ್ಯಾನೊ. 104 ಎಂದರೆ 100 ನ್ಯಾನೊ, 224 ಎಂದರೆ 220 ನ್ಯಾನೊ, 105 ಎಂದರೆ ಒಂದು ಮೈಕ್ರೊ. ಒಂದು ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಡಬೇಡಿ. ಸೋಲ್ಡರ್ ಕಪ್ಪಾಗಿದ್ದು ಕರಗದಿದ್ದರೆ ಇನ್ನಷ್ಟು ಒತ್ತುವುದಲ್ಲ, ಹೊಸ ಸೋಲ್ಡರ್ ಒಂದು ಹನಿ ಸೇರಿಸಿ; ಹಳೆಯದು ಕೂಡಲೇ ಹೊಳೆದು ಮೃದುವಾಗುತ್ತದೆ. ಆ ಹೊಳಪು ಕಂಡ ಕ್ಷಣ ಪಂಪಿನ ಗುಂಡಿ ಒತ್ತಿ. ಕಾಲು ತಾನಾಗಿ ಅಲ್ಲಾಡದೆ ಎಳೆಯಬೇಡಿ. ಎಳೆದರೆ ತಾಮ್ರದ ಬಳೆಯೂ ಜೊತೆಗೆ ಎದ್ದು ಬರುತ್ತದೆ, ಆಮೇಲೆ ತುಂಡು ತಂತಿಯಿಂದ ಸೇತುವೆ ಕಟ್ಟಬೇಕಾಗುತ್ತದೆ.

ಯಾವಾಗಲೂ ಆಂಪ್ಲಿಫಯರಿಗೇ ಸಿಕ್ಕಿಸುವವರಾದರೆ 104 ಹಾಕಿ. ಗಡಿ 5 ಹರ್ಟ್ಸ್‌ನ ಹತ್ತಿರಕ್ಕೆ ಇಳಿಯುತ್ತದೆ. ನನ್ನ ಹಾಗೆ ಯಾರ ಮಿಕ್ಸರ್ ಸಿಕ್ಕಿದರೂ ನುಡಿಸಬೇಕಾದವರು 105 ಹಾಕಿ. ಹತ್ತು ಕಿಲೋಓಮಿನ ಎದುರಿಗೂ 16 ಹರ್ಟ್ಸ್ ಸಿಗುತ್ತದೆ. ಫಿಲ್ಮ್ ಜಾತಿಯದು ಇರಲಿ, ಅದಕ್ಕೆ ಪ್ಲಸ್ ಮೈನಸ್ ಇಲ್ಲ. ಹಳೆಯ ಟಿವಿ ಬೋರ್ಡಿನಿಂದ ಕಿತ್ತದ್ದು ವಿದ್ಯುತ್ತಿನ ಲೆಕ್ಕದಲ್ಲಿ ನಡೆಯುತ್ತದೆ, ಆದರೆ ಹೆಚ್ಚು ವೋಲ್ಟೇಜಿನದ್ದಾದ್ದರಿಂದ ದಪ್ಪ; ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ. 63 ವೋಲ್ಟಿನ ಸಣ್ಣದನ್ನೇ ತನ್ನಿ.

ಇಷ್ಟಕ್ಕೇ ನಿಲ್ಲಿಸಿದರೂ ಪೆಡಲ್ ಬೇರೆಯೇ ಆಗಿರುತ್ತದೆ. ನಾನು ನಿಲ್ಲಿಸಲಿಲ್ಲ. ಮಂದ್ರ ಮರಳಿ ಬಂತು, ಆದರೆ ಪೂರ್ತಿ ಫಜ್‌ನಲ್ಲಿ ಇ ತಂತಿ ಕೆಸರಿನಲ್ಲಿ ನಡೆದಂತೆ ಕೇಳುತ್ತಿತ್ತು. ಫಜ್ ಮಾಡುವುದು ಅಲೆಯ ತಲೆ ಕತ್ತರಿಸುವ ಕೆಲಸ. ಬೆರಳು ತಂತಿಯನ್ನು ಮೀಟಿದ ಮೊದಲ ಏಟು ಅದರಲ್ಲಿ ಸವೆದು ಹೋಗುತ್ತದೆ. ಡ್ರಮ್ಸಿನ ಜೊತೆ ಬೇಸ್ ನಿಲ್ಲುವುದೇ ಆ ಏಟಿನ ಬಲದಿಂದ. ಆದ್ದರಿಂದ ಶುದ್ಧ ನಾದವನ್ನು ಒಂದು ದಾರಿಯಲ್ಲಿ, ಫಜ್ ಆದದ್ದನ್ನು ಇನ್ನೊಂದು ದಾರಿಯಲ್ಲಿ ಕಳುಹಿಸಿ ಕೊನೆಯಲ್ಲಿ ಬೆರೆಸಬೇಕು. ಟ್ರಾನ್ಸಿಸ್ಟರ್ ಎರಡಿರುವುದರಿಂದ ಅಲೆ ಎರಡು ಸಲ ಮಗುಚಿ ಮೊದಲಿನ ದಿಕ್ಕಿಗೇ ಬಂದಿರುತ್ತದೆ. ಬೆರೆಸಿದಾಗ ಒಂದನ್ನೊಂದು ತಿನ್ನುವುದಿಲ್ಲ.

ಇದಕ್ಕೆ ಟಿಎಲ್072 ಚಿಪ್ ಒಂದು ಸಾಕು, ಅದರೊಳಗೆ ಎರಡು ಆಂಪ್ಲಿಫಯರ್‌ಗಳಿವೆ. ಸಣ್ಣ ವೆರೋಬೋರ್ಡ್ (ತಾಮ್ರದ ಪಟ್ಟಿಗಳಿರುವ ತೂತಿನ ಹಲಗೆ) ತುಂಡಿನಲ್ಲಿ ಕಟ್ಟಿ. ಎಂಟನೆಯ ಕಾಲಿಗೆ 9 ವೋಲ್ಟ್, ನಾಲ್ಕನೆಯದು ನೆಲಕ್ಕೆ. ಎರಡು ಹತ್ತು ಕಿಲೋಓಮ್ ರೆಸಿಸ್ಟರುಗಳನ್ನು 9 ವೋಲ್ಟ್ ಮತ್ತು ನೆಲದ ನಡುವೆ ಸರಣಿಯಲ್ಲಿ ಇಟ್ಟು, ಮಧ್ಯದ ಬಿಂದುವಿನಿಂದ ನೆಲಕ್ಕೆ 47 ಮೈಕ್ರೊ ಕೆಪಾಸಿಟರ್ ಹಾಕಿ. ಅಲ್ಲಿ ಅರ್ಧ ವೋಲ್ಟೇಜ್, ಅಂದರೆ 4.5 ಸಿಗುತ್ತದೆ. ಫುಟ್‌ಸ್ವಿಚ್‌ನಿಂದ ಸರ್ಕ್ಯೂಟ್‌ಗೆ ಬರುವ ತಂತಿಯನ್ನು 104 ಮೂಲಕ ಮೂರನೆಯ ಕಾಲಿಗೆ ಕೊಡಿ. ಆ ಕಾಲಿನಿಂದ ಅರ್ಧ ವೋಲ್ಟೇಜಿಗೆ ಒಂದು ಮೆಗಾಓಮ್. ಒಂದು ಮತ್ತು ಎರಡನೆಯ ಕಾಲು ಜೋಡಿಸಿ. ಒಂದನೆಯ ಕಾಲಿನಿಂದ ಈಗ ಎರಡು ದಾರಿ. ಮೊದಲನೆಯದು ಹತ್ತು ಕಿಲೋಓಮ್ ಮೂಲಕ ಫಜ್‌ಗೆ. ಈ ಹತ್ತು ಕಿಲೋಓಮನ್ನು ಬಿಡಬೇಡಿ, ಫಜ್ ತನ್ನ ಹಿಂದೆ ಗಿಟಾರಿನ ಸುರುಳಿಯ ರೋಧವನ್ನು ನಿರೀಕ್ಷಿಸುತ್ತದೆ, ಇಲ್ಲದಿದ್ದರೆ ದನಿ ಕರ್ಕಶವಾಗುತ್ತದೆ. ಎರಡನೆಯದು ಒಂದು ಮೈಕ್ರೊ ಕೆಪಾಸಿಟರ್ ಮೂಲಕ ಹೊಸದಾಗಿ ಕೂರಿಸುವ 100 ಕಿಲೋಓಮಿನ ಮಿಶ್ರಣದ ಗುಂಡಿಯ ಒಂದು ತುದಿಗೆ. ಗುಂಡಿಯ ಇನ್ನೊಂದು ತುದಿಗೆ ಫಜ್‌ನ ವಾಲ್ಯೂಮಿನ ನಡುಗಾಲು. ಆ ವಾಲ್ಯೂಮನ್ನೂ 500ರಿಂದ 100 ಕಿಲೋಓಮಿಗೆ ಬದಲಿಸಿ, ಇಲ್ಲದಿದ್ದರೆ ಎರಡು ಗುಂಡಿಗಳು ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ. ಮಿಶ್ರಣದ ನಡುಗಾಲಿನಿಂದ 104 ಮೂಲಕ ಐದನೆಯ ಕಾಲಿಗೆ, ಅಲ್ಲಿಂದ ಅರ್ಧ ವೋಲ್ಟೇಜಿಗೆ ಇನ್ನೊಂದು ಮೆಗಾಓಮ್. ಆರು ಮತ್ತು ಏಳು ಜೋಡಿಸಿ. ಏಳನೆಯ ಕಾಲಿನಿಂದ 10 ಮೈಕ್ರೊ ಕೆಪಾಸಿಟರ್, ಪ್ಲಸ್ ಚಿಪ್ಪಿನ ಕಡೆಗೆ. ಅದರ ಆಚೆ ತುದಿಯಿಂದ ನೆಲಕ್ಕೆ 100 ಕಿಲೋಓಮ್ ಹಾಕಿ, ಆ ತುದಿಯನ್ನೇ ಫುಟ್‌ಸ್ವಿಚ್ ಮೂಲಕ ಹೊರಗೆ ಬಿಡಿ. ಈಗ ಮಿಕ್ಸರಿನ ಹತ್ತು ಕಿಲೋಓಮ್ ಪೆಡಲನ್ನು ಬಾಧಿಸುವುದೇ ಇಲ್ಲ.

ಈ ಹಂತದಲ್ಲಿ ಒಂದು ವಿಷಯ ನನಗೆ ತಲೆಕೆಳಗಾಗಿ ಕಂಡಿತು: ಶುದ್ಧ ನಾದ ಜೊತೆಗಿರುವಾಗ ಫಜ್‌ನ ಒಳಗೆ ಮಂದ್ರ ಕಡಿಮೆ ಹೋದಷ್ಟೂ ಒಳ್ಳೆಯದು. ಒಳಬರುವ 2.2 ಮೈಕ್ರೊವನ್ನು ತೆಗೆದು 104 ಹಾಕಿದೆ. ಸುಮಾರು 100 ಹರ್ಟ್ಸ್‌ನಿಂದ ಕೆಳಗಿನದು ಫಜ್‌ಗೆ ಸೊರಗಿ ಹೋಗುತ್ತದೆ, ಶುದ್ಧ ದಾರಿಯಲ್ಲಿ ಇಡಿಯಾಗಿ ಬರುತ್ತದೆ. ಕೆಸರು ಹೋಯಿತು. ಮಾರ್ಪಾಡಿನ ಎಲ್ಲ ಭಾಗಗಳಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಈ ಪುಟ್ಟ ಕೆಪಾಸಿಟರ್.

ಉಳಿದವನ್ನು ಬೇಗ ಹೇಳುತ್ತೇನೆ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ವೋಲ್ಟೇಜ್ ಅಳೆಯಿರಿ, 4.5ರ ಆಸುಪಾಸು ಇರಬೇಕು; ಇಲ್ಲದಿದ್ದರೆ ಆ ಕಾಲಿಗೆ ಸೇರಿದ 8.2 ಕಿಲೋಓಮ್ ರೆಸಿಸ್ಟರಿನ ಜಾಗದಲ್ಲಿ ಹತ್ತು ಕಿಲೋಓಮಿನ ಪ್ರಿಸೆಟ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿ ಹೊಂದಿಸಿ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಮೃದುತ್ವ ನನಗೂ ಇಷ್ಟ, ಆದರೆ ಬಿಸಿಯೇರಿದಂತೆ ಅದರ ಸೋರಿಕೆ ಹೆಚ್ಚಿ ಹೊಂದಾಣಿಕೆ ಜಾರುತ್ತದೆ. ನಮ್ಮ ಉತ್ಸವಗಳೆಲ್ಲ ಸೆಕೆಗಾಲದಲ್ಲೇ ಬರುವುದರಿಂದ ಸಿಲಿಕಾನ್ ಟ್ರಾನ್ಸಿಸ್ಟರ್ BC108 ಸಾಕೆಂದು ತೀರ್ಮಾನಿಸಿದೆ. ಹಳೆಯ ಜರ್ಮೇನಿಯಂ ಪೆಡಲುಗಳಲ್ಲಿ ಪ್ಲಸ್ ನೆಲಕ್ಕೆ ಸೇರಿರುವುದುಂಟು. ಅಂಥದಕ್ಕೆ ಮೇಲೆ ಹೇಳಿದ ಚಿಪ್ಪನ್ನು ಹೀಗೆಯೇ ಜೋಡಿಸಬೇಡಿ. ರಾತ್ರಿ ಯಾವುದಾದರೂ ರೇಡಿಯೊ ನಿಲಯದ ಮಾತು ಪೆಡಲಿನೊಳಗಿಂದ ಕೇಳಿಸಿದರೆ ಮೊದಲ ಟ್ರಾನ್ಸಿಸ್ಟರಿನ ಬೇಸ್ (base, ಗಿಟಾರಿನ ಬೇಸ್ ಅಲ್ಲ) ಮತ್ತು ಕಲೆಕ್ಟರ್ ಕಾಲುಗಳ ನಡುವೆ 100 ಪಿಕೊಫ್ಯಾರಡ್ ಹಾಕಿ.

ಅಡಾಪ್ಟರಿನ ಗುಂಯ್‌ಗುಟ್ಟುವಿಕೆ ಬೇಸ್‌ನವರಿಗೆ ಬೇರೆಯವರಿಗಿಂತ ಹೆಚ್ಚು ಕಾಟ ಕೊಡುತ್ತದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಇ ತಂತಿಯ ಮೂರನೆಯ ಮನೆಯ (ಫ್ರೆಟ್‌ನ) ಜಿ ಸ್ವರ 49. ಎರಡೂ ಒಟ್ಟಿಗೆ ಬಂದರೆ ಸ್ವರ ಅಲೆ ಅಲೆಯಾಗಿ ತೂಗುತ್ತದೆ, ಶ್ರುತಿ ತಪ್ಪಿದೆಯೆಂದು ಕಿವಿ ಮೋಸ ಹೋಗುತ್ತದೆ. 9 ವೋಲ್ಟಿನ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಇಟ್ಟು, ಅದರ ನಂತರ ನೆಲಕ್ಕೆ 100 ಮೈಕ್ರೊ ಕೆಪಾಸಿಟರ್ ಹಾಕಿದರೆ ಬಹುಪಾಲು ತಗ್ಗುತ್ತದೆ. ಅಡಾಪ್ಟರಿನ ಪಿನ್ನಿನ ನಡುವೆ ಮೈನಸ್ ಇದೆಯೇ ಪ್ಲಸ್ ಇದೆಯೇ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಸಿಕ್ಕಿಸಿ. ಪೆಡಲುಗಳಲ್ಲಿ ನಡುವೆ ಮೈನಸ್ ಇರುವುದು ರೂಢಿ. ಮನೆಯಲ್ಲಿ ಬಿದ್ದಿರುವ ಬೇರೆ ಅಡಾಪ್ಟರುಗಳಲ್ಲಿ ಹೆಚ್ಚಾಗಿ ತಿರುಗುಮುರುಗು.

ಪರೀಕ್ಷೆಯನ್ನು ಒಬ್ಬರೇ ಕೋಣೆಯಲ್ಲಿ ಕೂತು ಮುಗಿಸಬೇಡಿ. ಒಂಟಿಯಾಗಿ ಕೇಳುವಾಗ ಫಜ್ ಹೆಚ್ಚಿದ್ದಷ್ಟೂ ಚೆನ್ನಾಗಿರುತ್ತದೆ. ಡ್ರಮ್ಸ್ ಮತ್ತು ಕೀಬೋರ್ಡ್ ಸೇರಿದಾಗ ಅದೇ ಹೊಂದಾಣಿಕೆಯಲ್ಲಿ ಬೇಸ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನಾವು ಸೀತಾಂಗೋಳಿಯಲ್ಲಿ ಅಭ್ಯಾಸಕ್ಕೆ ಸೇರಿದ ದಿನ ಡ್ರಮ್ಸಿನವರನ್ನು ಬರಿಯ ತಾಳ ಹಿಡಿಯಲು ಕೇಳಿಕೊಂಡು, ಮಿಶ್ರಣದ ಗುಂಡಿಯನ್ನು ಶುದ್ಧ ತುದಿಯಿಂದ ನಿಧಾನವಾಗಿ ತಿರುಗಿಸುತ್ತ ಹೋದೆ. ಪ್ರತಿ ಏಟೂ ಕಾಲಿನಡಿಯಲ್ಲಿ ತಟ್ಟುತ್ತಲೇ ಅದರ ಮೇಲೆ ಗರಗರ ಎದ್ದು ನಿಂತ ಜಾಗ ಗಡಿಯಾರದ ಹತ್ತು ಗಂಟೆಯ ಹತ್ತಿರವಿತ್ತು. ಅಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟೆ. ಮುಚ್ಚಳದ ಒಳಬದಿಗೆ ಕಾಗದ ಅಂಟಿಸಿ ಬದಲಿಸಿದ ಭಾಗಗಳ ಅಳತೆಗಳನ್ನೂ ತಾರೀಕನ್ನೂ ಬರೆದೆ. ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣವೊಂದನ್ನು ಬ್ಯಾಟರಿಯ ಪಕ್ಕಕ್ಕೆ ಸೇರಿಸಿ, ನಾಲ್ಕು ಸ್ಕ್ರೂ ಬಿಗಿದೆ.